ಕೊಟ್ಟಿಗೆಯಲ್ಲಿರುವ ತಾತನ ಸೈಕಲ್: ಗುಜರಿಗೆ ಹಾಕುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕಲ್ಯಾಣದುರ್ಗ: ಹಳೇ ಕಬ್ಬಿಣ, ಹಳೇ ಪಾತ್ರೆ, ಹಳೇ ಪೇಪರ್ ಎಂದು ಮೈಕಿನಲ್ಲಿ ಕೂಗಿಕೊಂಡು ಬರುವ ಗುಜರಿ ಗಾಡಿ ನಮ್ಮ ಗಡಿ ಹಳ್ಳಿಗಳಿಗೆ ಹೊಸದಲ್ಲ. ಕೂಗು ಒಂದು ಬೀದಿಯಲ್ಲಿ ಕನ್ನಡ, ಮುಂದಿನ ಬೀದಿಯಲ್ಲಿ ತೆಲುಗು. ಆ ಗಾಡಿಯ ಮೇಲೆ ಒಡೆದ ಬಕೆಟ್ಟು, ಸವೆದ ಗುದ್ದಲಿಗಳ ನಡುವೆ ಆಗಾಗ ಒಂದು ಕರಿ ಸೈಕಲ್ ಕೂಡ ಇರುತ್ತದೆ. ಹಿಂದೂಪುರದ ಸಂತೆಗೆ, ಕಲ್ಯಾಣದುರ್ಗದ ಕೋರ್ಟಿಗೆ, ಪಾವಗಡದ ನೆಂಟರ ಮನೆಗೆ ಓಡಾಡಿದ ಸೈಕಲ್ ಅದು. ಮನೆಯ ಯಜಮಾನ ಹೋದ ಮೇಲೆ ಕೊಟ್ಟಿಗೆ ಸೇರಿತು. ಕೋಳಿಗಳು ಅದರ ಕ್ಯಾರಿಯರ್ ಮೇಲೆ ಮಲಗಿದವು. ಕೊನೆಗೆ ಜಾಗ ಖಾಲಿಯಾಗಲಿ ಎಂದು ಮೊಮ್ಮಕ್ಕಳು ತಕ್ಕಡಿಗೆ ಹಾಕಿದರು.

ಹಳೆಯ ಕರಿ ಸೈಕಲ್ಲಿನ ತೂಕ ಸುಮಾರು 20 ಕಿಲೋ. ಕಿಲೋಗೆ 25 ರೂಪಾಯಿ ಎಂದು ಲೆಕ್ಕ ಹಾಕಿದರೆ ಮನೆಗೆ ಬರುವುದು 500 ರೂಪಾಯಿ. ಅದರ ಚರ್ಮದ ಸೀಟು, ಹಿತ್ತಾಳೆ ಬಿಲ್ಲೆ, ಡೈನಮೋ, ಬೆಲ್ಲು ಎಲ್ಲವೂ ಆ 500ರಲ್ಲೇ ಹೋಗುತ್ತವೆ. ಇಂಥವನ್ನೇ ಹುಡುಕಿಕೊಂಡು ಊರೂರು ಅಲೆಯುವ ಹವ್ಯಾಸಿಗಳು ಇದ್ದಾರೆ ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಇನ್ನು ಕೆಲವರು ಪ್ರೀತಿಯಿಂದಲೇ ಸೈಕಲ್ ಕೆಡಿಸುತ್ತಾರೆ. ಮೂಲ ಬಣ್ಣ ಕೆರೆದು, ಹೊಳೆಯುವ ಹೊಸ ಪೇಂಟ್ ಬಳಿದು, ಹಳೆಯ ಭಾಗ ಕಿತ್ತು ಹೊಸದು ಹಾಕಿ "ಹೊಸದರ ಹಾಗೆ ಮಾಡಿದೆ" ಎನ್ನುತ್ತಾರೆ. ಎರಡೂ ಕಡೆ ನಷ್ಟವೇ. ಮೊದಲು ಸೈಕಲ್ ಯಾವುದೆಂದು ಗುರುತಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ ಎಂಬುದೇ ಈ ಹವ್ಯಾಸದ ಮೊದಲ ಪಾಠ. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಕರಿ ಸೈಕಲ್ಲಿನ ಹುಟ್ಟು

ಇಂದು ನಾವು ನೋಡುವ ಆಕಾರದ ಸೈಕಲ್ಲಿಗೆ ಬುನಾದಿ ಬಿದ್ದದ್ದು 1885ರಲ್ಲಿ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಹಿಂದಿನ ಗಾಲಿಯನ್ನು ಚೈನಿನಿಂದ ತಿರುಗಿಸುವ ರೋವರ್ ಸೈಕಲ್ ತಯಾರಿಸಿದ. ಮೂರು ವರ್ಷದ ನಂತರ, 1888ರಲ್ಲಿ, ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಅದೇ ಕಾಲಕ್ಕೆ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರಾಂಕ್ ಬೌಡನ್ ರ‍್ಯಾಲಿ ಕಂಪನಿ ಕಟ್ಟಿದ. ಬರ್ಮಿಂಗ್‌ಹ್ಯಾಮ್‌ನಲ್ಲಿ ಬಂದೂಕು ಮಾಡುತ್ತಿದ್ದ ಬಿಎಸ್‌ಎ ಕೂಡ ಸೈಕಲ್ಲಿಗೆ ಇಳಿಯಿತು. ಹರ್ಕ್ಯುಲಿಸ್ ಶುರುವಾದದ್ದು 1910ರಲ್ಲಿ. ಹಂಬರ್, ರಡ್ಜ್, ಫಿಲಿಪ್ಸ್ ಹೆಸರುಗಳೂ ನಮ್ಮ ಹಿರಿಯರ ಬಾಯಲ್ಲಿ ಇವೆ.

ಈ ಕಂಪನಿಗಳು ಒಂದನ್ನೊಂದು ನುಂಗುತ್ತಾ ಬಂದವು. ರ‍್ಯಾಲಿ 1932ರಲ್ಲಿ ಹಂಬರ್ ಸೈಕಲ್ಲನ್ನು, 1943ರಲ್ಲಿ ರಡ್ಜ್ ಅನ್ನು, 1957ರಲ್ಲಿ ಬಿಎಸ್‌ಎ ಸೈಕಲ್ ವಿಭಾಗವನ್ನು ಕೊಂಡಿತು. 1960ರಲ್ಲಿ ಹರ್ಕ್ಯುಲಿಸ್, ಫಿಲಿಪ್ಸ್ ಕೂಡ ಅದೇ ಮನೆಗೆ ಸೇರಿದವು. ಬೇರೆ ಬೇರೆ ಹೆಸರಿನ ಸೈಕಲ್ಲುಗಳಲ್ಲಿ ಒಂದೇ ಥರದ ಭಾಗಗಳು ಕಾಣುವುದಕ್ಕೆ ಇದೂ ಒಂದು ಕಾರಣ.

ನಮ್ಮ ದೇಶದ ಕಾರ್ಖಾನೆಗಳ ಕಥೆ ಬೇರೆ. 1939ರಲ್ಲಿ ಬೊಂಬಾಯಿಯಲ್ಲಿ ಹಿಂದ್ ಸೈಕಲ್ಸ್ ಆರಂಭವಾಯಿತು. 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್ ಸ್ಥಾಪನೆಯಾಗಿ, ಹರ್ಕ್ಯುಲಿಸ್, ಮುಂದೆ ಫಿಲಿಪ್ಸ್ ಮತ್ತು ಬಿಎಸ್‌ಎ ಹೆಸರಿನ ಸೈಕಲ್ಲುಗಳು ಅಲ್ಲಿಂದ ಬಂದವು. ಬಂಗಾಳದ ಆಸನ್‌ಸೋಲ್ ಬಳಿ 1950ರ ದಶಕದಲ್ಲಿ ಸೆನ್-ರ‍್ಯಾಲಿ ಕಾರ್ಖಾನೆ ತಲೆ ಎತ್ತಿತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಬಂದವು. ಹಿಂದ್ ಮತ್ತು ಸೆನ್-ರ‍್ಯಾಲಿ ಎರಡನ್ನೂ ಕೇಂದ್ರ ಸರ್ಕಾರ 1980ರ ಕಾಯ್ದೆಯ ಮೂಲಕ ರಾಷ್ಟ್ರೀಕರಣ ಮಾಡಿತು. ಅಟ್ಲಾಸ್ ತನ್ನ ಕೊನೆಯ ಕಾರ್ಖಾನೆಯನ್ನು 2020ರ ಜೂನ್ 3ರಂದು ನಿಲ್ಲಿಸಿತು. ಅಂದು ವಿಶ್ವ ಸೈಕಲ್ ದಿನವಾಗಿತ್ತು!

ಆದ್ದರಿಂದ "ಮೇಡ್ ಇನ್ ಇಂಗ್ಲೆಂಡ್" ಇದ್ದರೆ ಮಾತ್ರ ಹಳೆಯ ಸೈಕಲ್ ಎಂದುಕೊಳ್ಳಬೇಡಿ. ಸೆನ್-ರ‍್ಯಾಲಿ, ಹಿಂದ್, ಅಂಬತ್ತೂರಿನ ಮೊದಲ ಕಾಲದ ಹರ್ಕ್ಯುಲಿಸ್ ಇವೆಲ್ಲ ಈಗ ಸಂಗ್ರಹಯೋಗ್ಯವೇ. ನಮ್ಮ ಕಡೆ ಇಂಗ್ಲೆಂಡಿನ ಸೈಕಲ್‌ಗಿಂತ ಇವೇ ಸಿಗುವ ಸಾಧ್ಯತೆ ಹೆಚ್ಚು.

ಗಡಿ ಭಾಗದ ವಿಶೇಷ

ಅನಂತಪುರ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಬೆಳೆಗೆ ಶಾಪವಾದ ಈ ಒಣಹವೆ ಕಬ್ಬಿಣಕ್ಕೆ ಮಾತ್ರ ವರ. ಕರಾವಳಿಯಲ್ಲಿ ಉಪ್ಪುಗಾಳಿಗೆ ಕೆಲವೇ ವರ್ಷಗಳಲ್ಲಿ ತೂತು ಬೀಳುವ ಮಡ್‌ಗಾರ್ಡ್ ಇಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಆದರೆ ಅದೇ ಬಿಸಿಲಿಗೆ ಚರ್ಮದ ಸೀಟು ಬಿರಿಯುತ್ತದೆ, ಟೈರು ಸೀಳುತ್ತದೆ, ಹ್ಯಾಂಡಲ್ ಹಿಡಿ ಗಟ್ಟಿಯಾಗಿ ಉದುರುತ್ತದೆ. ಹಾಗಾಗಿ ನಮ್ಮ ಕಡೆ ಸಿಗುವ ಸೈಕಲ್ಲಿನ ಫ್ರೇಮು ಚೆನ್ನಾಗಿದ್ದು, ರಬ್ಬರ್ ಮತ್ತು ಚರ್ಮ ಕೆಟ್ಟಿರುವುದು ಸಾಮಾನ್ಯ. ರಬ್ಬರಿಗೆ ಬದಲಿ ಸಿಗುತ್ತದೆ. ಹೀಗಾಗಿ ಇದು ಒಳ್ಳೆಯ ಸುದ್ದಿಯೇ.

ಇನ್ನೊಂದು ವಿಶೇಷವೆಂದರೆ ಬಿಲ್ಲೆ. ಹಿಂದೆ ಪುರಸಭೆ, ಪಂಚಾಯಿತಿಗಳು ಸೈಕಲ್ಲಿಗೆ ವರ್ಷಕ್ಕೊಮ್ಮೆ ತೆರಿಗೆ ವಸೂಲಿ ಮಾಡಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಅದರ ಮೇಲೆ ಊರಿನ ಹೆಸರು, ವರ್ಷ, ಸಂಖ್ಯೆ ಇರುತ್ತಿತ್ತು. ಬಿಲ್ಲೆ ಇಲ್ಲದ ಸೈಕಲ್ಲನ್ನು ಜವಾನರು ಹಿಡಿಯುತ್ತಿದ್ದರು, ರಾತ್ರಿ ಲೈಟಿಲ್ಲದೆ ಹೋದರೆ ಪೊಲೀಸರು ಗಾಳಿ ಬಿಡುತ್ತಿದ್ದರು ಎಂದು ಹಿರಿಯರು ಇಂದಿಗೂ ನಗುತ್ತಾ ಹೇಳುತ್ತಾರೆ.

ನಮ್ಮ ಗಡಿಯಲ್ಲಿ ಈ ಬಿಲ್ಲೆಗೆ ಹೆಚ್ಚಿನ ಬೆಲೆ ಇದೆ. ಕಲ್ಯಾಣದುರ್ಗ, ಹಿಂದೂಪುರ, ಮಡಕಶಿರಾ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಪಕ್ಕದ ಪಾವಗಡ, ಮಧುಗಿರಿ, ಗೌರಿಬಿದನೂರು ಮೈಸೂರು ಸಂಸ್ಥಾನದವು. ಹೊಲದ ಬದುವಿನಾಚೆ ಬೇರೆ ಸರ್ಕಾರ, ಬೇರೆ ತೆರಿಗೆ. ಒಂದು ಸೈಕಲ್ಲಿನ ಬಿಲ್ಲೆ ನೋಡಿದರೆ ಅದು ಗಡಿಯ ಯಾವ ಕಡೆ, ಯಾವ ವರ್ಷ ಓಡಾಡಿತ್ತು ಎಂದು ತಿಳಿಯಬಹುದು. ಮದುವೆಯಲ್ಲಿ ಅಳಿಯನಿಗೆ ಕೊಟ್ಟ ಸೈಕಲ್ಲಾದರೆ ಆಚೆ ಊರಿನ ಬಿಲ್ಲೆಯ ಜೊತೆಗೆ ಈಚೆ ಊರಿನ ಬಿಲ್ಲೆಯೂ ಸಿಗಬಹುದು! ಹಳೆಯ ಟ್ರಂಕು, ದೇವರ ಗೂಡು, ಉಗುರು ಡಬ್ಬಿ ಎಲ್ಲವನ್ನೂ ಒಮ್ಮೆ ಹುಡುಕಿ ನೋಡಿ.

ಗುರುತಿಸುವುದು ಹೇಗೆ?

ಸೈಕಲ್ಲನ್ನು ನೆರಳಿಗೆ ತಂದು, ಒಣ ಬಟ್ಟೆಯಲ್ಲಿ ಧೂಳು ಮಾತ್ರ ಒರೆಸಿ. ನೀರು, ಮರಳು ಕಾಗದ ಯಾವುದೂ ಬೇಡ. ಈಗ ಒಂದೊಂದೇ ನೋಡಿ.

ಚೈನ್ ವೀಲ್: ಪೆಡಲ್ ಪಕ್ಕದ ದೊಡ್ಡ ಹಲ್ಲುಚಕ್ರದ ವಿನ್ಯಾಸವೇ ಮೊದಲ ಸುಳಿವು. ಕೊಕ್ಕರೆ ಜಾತಿಯ ಹಕ್ಕಿಯ ತಲೆ ಇದ್ದರೆ ರ‍್ಯಾಲಿ. ಅಂಗೈ ಚಿತ್ರವಿದ್ದರೆ ರಡ್ಜ್. ಕೈಕಾಲು ಚಾಚಿದ ಐದು ಮನುಷ್ಯರ ಆಕೃತಿ ಇದ್ದರೆ ಹಂಬರ್. ಬಿಎಸ್‌ಎ, ಹರ್ಕ್ಯುಲಿಸ್ ಸೈಕಲ್ಲುಗಳಲ್ಲಿ ಆಯಾ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಕೊರೆದಿರುವುದುಂಟು. ಒಂದು ಮಾತು ನೆನಪಿರಲಿ, ಚೈನ್ ವೀಲನ್ನು ಬೇರೆ ಸೈಕಲ್ಲಿನಿಂದ ಬಿಚ್ಚಿ ಹಾಕಿರಬಹುದು. ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಮುಂದಿನ ಬ್ಯಾಡ್ಜ್: ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ಲೋಹದ ಪಟ್ಟಿ ಇರುತ್ತದೆ. ಅದರಲ್ಲಿ ಕಂಪನಿಯ ಹೆಸರು, ಊರು ಇರುತ್ತದೆ. ಬಿಎಸ್‌ಎ ಗುರುತು ಒಂದಕ್ಕೊಂದು ಆತು ನಿಲ್ಲಿಸಿದ ಮೂರು ಬಂದೂಕು. ರ‍್ಯಾಲಿಯದಾದರೆ ನಾಟಿಂಗ್‌ಹ್ಯಾಮ್ ಹೆಸರು ಹುಡುಕಿ. ಬ್ಯಾಡ್ಜ್ ಹೋಗಿದ್ದರೂ ಅದನ್ನು ಬಿಗಿದಿದ್ದ ರಿವೆಟ್ ತೂತುಗಳ ಅಂತರ ಅಳೆದಿಟ್ಟುಕೊಳ್ಳಿ. ಮುಂದೆ ಹೊಂದುವ ಬ್ಯಾಡ್ಜ್ ಸಿಕ್ಕರೆ ಉಪಯೋಗಕ್ಕೆ ಬರುತ್ತದೆ.

ಮುಂದಿನ ಫೋರ್ಕ್: ಪ್ರತಿ ಪಕ್ಕದಲ್ಲೂ ಜೋಡಿ ಕಂಬಿ ಇದ್ದರೆ ಅದು ಹಂಬರ್ ಇರಬಹುದು. ಆ ಕಂಪನಿಯ ಜೋಡಿ ಫೋರ್ಕ್ ಬಹಳ ಹೆಸರುವಾಸಿ.

ಫ್ರೇಮ್ ನಂಬರ್: ಸೀಟಿನ ಕೆಳಗೆ ಕೊಳವೆ ಸೇರುವ ಜಾಗದಲ್ಲಿ, ಇಲ್ಲವೇ ಪೆಡಲ್ ಆಕ್ಸಲ್ ಕೂರುವ ಬಿ.ಬಿ. ಕೊಳವೆಯ ಅಡಿಯಲ್ಲಿ ನಂಬರ್ ಒತ್ತಿರುತ್ತಾರೆ. ಗ್ರೀಸು, ಮಣ್ಣು ಮುಚ್ಚಿದ್ದರೆ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ. ಸೀಮೆಸುಣ್ಣ ಉಜ್ಜಿದರೆ ಅಕ್ಷರ ಸ್ಪಷ್ಟವಾಗುತ್ತದೆ.

ಹಿಂದಿನ ಹಬ್: ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ ಇದ್ದರೆ ನಿಮ್ಮ ಅದೃಷ್ಟ. ಯುದ್ಧಾನಂತರದ ಈ ಹಬ್‌ಗಳ ಮೇಲೆ ತಯಾರಾದ ವರ್ಷ, ತಿಂಗಳು ಎರಡೂ ಒತ್ತಿರುತ್ತವೆ. 52 ಮತ್ತು 4 ಎಂದಿದ್ದರೆ 1952ರ ಏಪ್ರಿಲ್ ಎಂದರ್ಥ. ಹಬ್ ಬದಲಾಗಿರದಿದ್ದರೆ ಸೈಕಲ್ಲಿನ ವಯಸ್ಸೂ ಹೆಚ್ಚುಕಡಿಮೆ ಅದೇ.

ಕಡ್ಡಿ ಮತ್ತು ಗಾಲಿ: ಹಳೆಯ ಕರಿ ಸೈಕಲ್ಲಿನ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿ. ಟೈರಿನ ಅಳತೆ 28 ಇಂಚು × ಒಂದೂವರೆ ಇಂಚು. ಕಂಬಿ ಬ್ರೇಕಿನ ರಬ್ಬರು ರಿಮ್ಮಿನ ಒಳಮುಖಕ್ಕೆ ತಾಗುತ್ತದೆ. ರಿಮ್ಮಿನ ಪಕ್ಕಕ್ಕೆ ತಾಗುವ ಕೇಬಲ್ ಬ್ರೇಕ್ ಹಾಕಿದ್ದರೆ ನಂತರ ಬದಲಾಯಿಸಿದ್ದು ಎಂದು ಅನುಮಾನಿಸಿ.

ಕಾಗದಪತ್ರ: ಕೊಂಡ ರಶೀದಿ, ತೆರಿಗೆ ಚೀಟಿ, ಬಿಲ್ಲೆ, ಸೈಕಲ್ ಜೊತೆ ನಿಂತು ತೆಗೆಸಿದ ಫೋಟೋ ಎಲ್ಲವೂ ದಾಖಲೆಗಳೇ. ಫ್ರೇಮಿನ ಮೇಲೆ ಮಾರಿದ ಅಂಗಡಿಯ ಹೆಸರಿನ ಸ್ಟಿಕ್ಕರ್ ಉಳಿದಿದ್ದರೆ ಅದನ್ನು ಉಜ್ಜಬೇಡಿ.

ಕೊಳ್ಳುವವರು, ಮಾರುವವರು ಗಮನಿಸಿ

ಹಳೆಯ ಸೈಕಲ್ಲಿಗೆ ನಿಗದಿಯಾದ ದರಪಟ್ಟಿ ಇಲ್ಲ. ಬೆಲೆ ನಿಲ್ಲುವುದು ನಾಲ್ಕು ಸಂಗತಿಗಳ ಮೇಲೆ. ಮೂಲ ಭಾಗಗಳು ಎಷ್ಟು ಉಳಿದಿವೆ, ಮೂಲ ಬಣ್ಣ ಇದೆಯೇ, ಫ್ರೇಮು ನೆಟ್ಟಗಿದೆಯೇ, ಕಾಗದಪತ್ರ ಇದೆಯೇ. ಚರ್ಮದ ಸೀಟು, ಪೂರ್ತಿ ಚೈನ್ ಕೇಸ್, ಹಳೆಯ ದೀಪ, ಡೈನಮೋ, ಪಂಪು, ಬೆಲ್ಲು ಇವುಗಳಿಗೆ ಪ್ರತ್ಯೇಕ ಬೇಡಿಕೆ ಇದೆ. "ಸೀಟು ಮಾತ್ರ ಕೊಡಿ ಸಾಕು" ಎಂದು ಯಾರಾದರೂ ಬಂದರೆ ಎರಡು ದಿನ ಸಮಯ ಕೇಳಿ. ಒಂದೊಂದೇ ಭಾಗ ಕಿತ್ತು ಮಾರಿದ ಮೇಲೆ ಉಳಿಯುವುದು ಗುಜರಿಯೇ.

ಕೊಳ್ಳುವವರು ಮೊದಲು ಫ್ರೇಮು ನೋಡಬೇಕು. ಮುಂದಿನ ಗಾಲಿಯ ಎದುರು ಕುಳಿತು ಒಂದು ಕಣ್ಣು ಮುಚ್ಚಿ ನೋಡಿದರೆ ಎರಡೂ ಗಾಲಿ ಒಂದೇ ಗೆರೆಯಲ್ಲಿ ಕಾಣಬೇಕು. ಫೋರ್ಕ್ ಹಿಂದಕ್ಕೆ ಬಾಗಿದ್ದರೆ ಎಲ್ಲೋ ಡಿಕ್ಕಿ ಹೊಡೆದಿದೆ. ಕೊಳವೆಗಳು ಸೇರುವ ಕಡೆ ಬಣ್ಣ ಕೂದಲಿನಂತೆ ಸೀಳಿದ್ದರೆ ಬಿರುಕು ಇರಬಹುದು. ವೆಲ್ಡಿಂಗ್ ಗುರುತಿದ್ದರೆ ಏಕೆಂದು ಕೇಳಿ. ಹೊಸದಾಗಿ ಮಾಡಿದ ಬ್ಯಾಡ್ಜ್, ಸ್ಟಿಕ್ಕರ್‌ಗಳೂ ಸಿಗುವುದರಿಂದ ಹೊಳೆಯುವ ಬ್ಯಾಡ್ಜ್ ನೋಡಿ ಮರುಳಾಗಬೇಡಿ.

ಯಾರಿಂದಲೇ ಕೊಂಡರೂ ಹೆಸರು, ಊರು, ಫ್ರೇಮ್ ನಂಬರ್ ಬರೆದು ಸಹಿ ಮಾಡಿಸಿಕೊಳ್ಳಿ. ಕಳವಿನ ಮಾಲು ಕೈಗೆ ಬಂದರೆ ಕೊನೆಗೆ ತೊಂದರೆ ಕೊಂಡವರಿಗೇ. ಮನೆಯ ಸೈಕಲ್ಲಾದರೆ ಅಣ್ಣತಮ್ಮಂದಿರನ್ನೆಲ್ಲ ಕೇಳಿ ಮಾರಿ. ಹೊಲಕ್ಕಿಂತ ಹೆಚ್ಚು ಜಗಳ ತಾತನ ಸೈಕಲ್ಲಿಗೆ ಆದ ಮನೆಗಳೂ ಇವೆ!

ಇನ್ನೊಂದು ಅನುಕೂಲ ಹೇಳಲೇಬೇಕು. 50 ವರ್ಷ ದಾಟಿದ ಮೋಟಾರ್ ಬೈಕು, ಕಾರುಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿ ನಿಯಮ ತಂದಿತು. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000, ನವೀಕರಣಕ್ಕೆ 5,000 ರೂಪಾಯಿ ಶುಲ್ಕ ಗೊತ್ತುಮಾಡಲಾಯಿತು. ತುಳಿಯುವ ಸೈಕಲ್ಲಿಗೆ ಇದ್ಯಾವುದೂ ಇಲ್ಲ. ಹಳ್ಳಿಯ ಯುವಕನೂ ಕೈಗೆಟುಕುವ ಖರ್ಚಿನಲ್ಲಿ ಮಾಡಬಹುದಾದ ಹವ್ಯಾಸ ಇದು.

ಎಷ್ಟು ರಿಪೇರಿ ಮಾಡಬೇಕು?

ಮೂರು ದಾರಿಗಳಿವೆ. ಮೊದಲನೆಯದು, ಶುಚಿ ಮಾಡಿ ಹಾಗೆಯೇ ಉಳಿಸುವುದು. ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಇದೇ ಸರಿ. ಎರಡನೆಯದು, ನೋಟ ಹಾಗೆಯೇ ಇಟ್ಟು ಬೇರಿಂಗ್ ಗುಂಡು, ಟೈರು, ಬ್ರೇಕ್ ರಬ್ಬರ್ ಬದಲಿಸಿ ಓಡಿಸುವುದು. ನಮ್ಮ ಕಡೆಯ ಬಹುಪಾಲು ಸೈಕಲ್ಲಿಗೆ ಇದು ಹೊಂದುತ್ತದೆ. ಮೂರನೆಯದು, ಪೂರ್ತಿ ಬಿಚ್ಚಿ ಬಣ್ಣ ಬಳಿಯುವುದು. ಫ್ರೇಮಿನ ಮೇಲೆ ಮೂಲ ಬಣ್ಣವೇ ಇಲ್ಲದಿದ್ದಾಗ, ಅಥವಾ ಯಾರೋ ಈಗಾಗಲೇ ನೀಲಿ, ಹಸಿರು ಬಳಿದು ಕೆಡಿಸಿದ್ದಾಗ ಮಾತ್ರ ಇದಕ್ಕೆ ಕೈ ಹಾಕಿ. ನೀಲಿಯ ಅಡಿಯಲ್ಲಿ ಮೂಲ ಕಪ್ಪು, ಚಿನ್ನದ ಗೆರೆ ಅವಿತಿರಬಹುದು. ಕಾಣದ ಒಂದು ಮೂಲೆಯಲ್ಲಿ ಮೊದಲು ನಿಧಾನವಾಗಿ ಉಜ್ಜಿ ನೋಡಿ.

ಅನುಮಾನ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಮಾಡುವುದನ್ನು ನಾಳೆ ಬೇಡವೆಂದರೆ ಹಿಂದಕ್ಕೆ ತರಬಹುದೇ? ಟೈರು ಬದಲಿಸಿದ್ದನ್ನು ಹಿಂದಕ್ಕೆ ತರಬಹುದು. ಕೆರೆದ ಬಣ್ಣವನ್ನು ತರಲಾಗದು. ಕ್ಯಾರಿಯರ್ ಮೇಲೆ ತಾತ ಮೊಳೆಯಿಂದ ಕೆತ್ತಿದ ಹೆಸರು, ಹಾಲಿನ ಕ್ಯಾನು ಉಜ್ಜಿ ಸವೆದ ಗುರುತು, ರೇಷ್ಮೆಗೂಡಿನ ಮೂಟೆ ಕಟ್ಟಲು ಹಾಕಿಸಿದ ಕೊಂಡಿ ಇವು ಕೊರತೆಗಳಲ್ಲ, ಆ ಸೈಕಲ್ಲಿನ ಜಾತಕ.

ರಿಪೇರಿ ಹಂತ ಹಂತವಾಗಿ

1. ಫೋಟೋ: ನಾಲ್ಕೂ ಕಡೆಯಿಂದ, ಪ್ರತಿ ಜೋಡಣೆಯ ಹತ್ತಿರದಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಂಬಿ ಬ್ರೇಕಿನ ಕೊಂಡಿಗಳ ಕ್ರಮ ಮರೆತರೆ ಮತ್ತೆ ಜೋಡಿಸುವುದು ತಲೆನೋವು.

2. ನೆನೆಹಾಕುವುದು: ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಮತ್ತು ತೆಳು ಮೆಷಿನ್ ಎಣ್ಣೆ ಬೆರೆಸಿ ಹಾಕಿ. ಡೀಸೆಲ್ ಕೂಡ ಆದೀತು. ಬೆಳಿಗ್ಗೆ ಸಂಜೆ ಹಾಕುತ್ತಾ ಮೂರು ನಾಲ್ಕು ದಿನ ಬಿಡಿ. ಆತುರ ಪಟ್ಟು ಪೈಪ್ ರಿಂಚ್ ಹಾಕಿದರೆ ನಟ್ಟು ಸವೆದು ಹೋಗುತ್ತದೆ.

3. ಬಿಚ್ಚುವುದು: ಎಡಗಡೆ ಪೆಡಲ್ಲಿಗೆ ಉಲ್ಟಾ ಥ್ರೆಡ್ ಇರುತ್ತದೆ. ಅದನ್ನು ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಚೈನಿನ ಕಡೆಯ ಬಿ.ಬಿ. ಕಪ್ಪಿಗೂ ಇದೇ ಉಲ್ಟಾ ಥ್ರೆಡ್. ಇದು ಗೊತ್ತಿಲ್ಲದೆ ಬಲ ಹಾಕಿ ಫ್ರೇಮನ್ನೇ ಕೆಡಿಸಿದವರಿದ್ದಾರೆ. ಬಿಚ್ಚಿದ ಪ್ರತಿ ಭಾಗವನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸಿ.

4. ಕಾಟರ್ ಪಿನ್: ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿದಿಡುವ ಈ ಪಿನ್ನೇ ಎಲ್ಲರನ್ನೂ ಕಾಡುವುದು. ನಟ್ಟನ್ನು ಪಿನ್ನಿನ ತುದಿಗೆ ಸಮವಾಗುವವರೆಗೆ ಸಡಿಲಿಸಿ. ಕ್ರ್ಯಾಂಕಿನ ಕೆಳಗೆ ಗಟ್ಟಿ ಕಬ್ಬಿಣದ ಕೊಳವೆ ನಿಲ್ಲಿಸಿ ನೆಲದ ಆಧಾರ ಕೊಡಿ. ಒಂದೇ ಸರಿಯಾದ ಪೆಟ್ಟು ಕೊಡಿ. ಹತ್ತು ಸಣ್ಣ ಪೆಟ್ಟು ಹಾಕಿದರೆ ಪಿನ್ ಬಾಗುತ್ತದೆ, ಬೇರಿಂಗಿಗೂ ಏಟು ಬೀಳುತ್ತದೆ. ಆಧಾರ ಕೊಡದೆ ಹೊಡೆಯಲೇಬೇಡಿ. ಮತ್ತೆ ಹಾಕುವಾಗ ಎರಡು ಪಿನ್ನುಗಳೂ ಒಂದಕ್ಕೊಂದು ಎದುರು ದಿಕ್ಕಿನಲ್ಲಿರಬೇಕು. ಇಲ್ಲದಿದ್ದರೆ ಎರಡೂ ಪೆಡಲ್ ಒಂದೇ ಗೆರೆಗೆ ಬರುವುದಿಲ್ಲ.

5. ಗುಂಡುಗಳು: ಬಿ.ಬಿ. ಮತ್ತು ಹಿಂದಿನ ಹಬ್‌ನಲ್ಲಿ ಸಾಮಾನ್ಯವಾಗಿ ಕಾಲು ಇಂಚಿನ ಗುಂಡು, ಮುಂದಿನ ಹಬ್‌ನಲ್ಲಿ 3/16 ಇಂಚಿನ ಗುಂಡು ಇರುತ್ತವೆ. ಹಳೆಯದನ್ನು ಎಣಿಸಿ, ಅಳೆದು ಅಷ್ಟನ್ನೂ ಒಟ್ಟಿಗೆ ಬದಲಿಸಿ. ಹಳೆಯ ಗುಂಡಿನ ಜೊತೆ ಹೊಸದು ಬೆರೆಸಿದರೆ ಭಾರವೆಲ್ಲ ದಪ್ಪ ಗುಂಡಿನ ಮೇಲೆ ಬಿದ್ದು ಕಪ್ಪು ಗುಳಿ ಬೀಳುತ್ತದೆ. ಕೋನ್ ಬಿಗಿಯುವಾಗ ಗಾಲಿ ಅಲ್ಲಾಡಬಾರದು, ಆದರೆ ವಾಲ್ವ್ ತನ್ನ ತೂಕಕ್ಕೇ ಕೆಳಗೆ ಬಂದು ನಿಲ್ಲುವಷ್ಟು ಹಗುರವಾಗಿ ತಿರುಗಬೇಕು.

6. ರ‍್ಯಾಲಿ ಇದ್ದವರಿಗೆ ಎಚ್ಚರಿಕೆ: ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ರ‍್ಯಾಲಿಯ ಬಿ.ಬಿ. ಕಪ್ಪಿಗೆ ಇಂಚಿಗೆ 26 ಥ್ರೆಡ್. ಸಾಮಾನ್ಯ ಅಳತೆ ಇಂಚಿಗೆ 24. ಅಂಗಡಿಯ ಕಪ್ಪು ಎರಡು ಸುತ್ತು ಹೋಗಿ ಬಿಗಿಯಾಯಿತೆಂದರೆ ಅಲ್ಲೇ ನಿಲ್ಲಿಸಿ. ಬಲವಂತ ಮಾಡಿದರೆ ಫ್ರೇಮಿನ ಥ್ರೆಡ್ ಹೋಗುತ್ತದೆ. ಹಳೆಯ ಕಪ್ಪನ್ನೇ ಉಳಿಸಿಕೊಂಡು ಗುಂಡು ಮಾತ್ರ ಬದಲಿಸುವುದು ಜಾಣತನ.

7. ಗಾಲಿಯ ಬೆಂಡು: ಕಡ್ಡಿಗಳಿಗೆ ಮೊದಲು ಎಣ್ಣೆ ಕುಡಿಸಿ, ಆಮೇಲೆ ಕಾಲು ಸುತ್ತಿನಂತೆ ಬಿಗಿಯಿರಿ. ಬೆಂಡ್ ತೆಗೆಯುವುದನ್ನು ಕಲಿಯಲು ಸಮಯ ಬೇಕು. ನಿಮ್ಮ ಊರಿನ ಹಳೆಯ ಸೈಕಲ್ ಷಾಪಿನವರ ಪಕ್ಕದಲ್ಲಿ ಕುಳಿತು ನೋಡುವುದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ತುಕ್ಕು, ಬಣ್ಣ, ಸೀಟು

ನಿಕ್ಕಲ್, ಕ್ರೋಮ್ ಲೇಪದ ಹ್ಯಾಂಡಲ್ ಮತ್ತು ರಿಮ್ಮಿನ ಮೇಲಿನ ತುಕ್ಕಿಗೆ ಮರಳು ಕಾಗದ ಬೇಡ. ಅಡುಗೆ ಮನೆಯ ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಕ್ರೋಮಿನ ಮೇಲಿನ ತುಕ್ಕು ಬಿಡುತ್ತದೆ. ಉಜ್ಜಿದ ಮೇಲೆ ಒರೆಸಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ.

ಹಿಂದೂಪುರ ಹುಣಸೆಹಣ್ಣಿನ ಮಾರುಕಟ್ಟೆಗೆ ಹೆಸರಾದ ಊರು. ಹುಣಸೆ ರಸದ ಹುಳಿ ನಟ್ಟು, ಬೋಲ್ಟಿನಂಥ ಚಿಕ್ಕ ಭಾಗಗಳ ತುಕ್ಕನ್ನು ಸಡಿಲಿಸುತ್ತದೆ. ಒಂದು ರಾತ್ರಿ ನೆನೆಸಿ, ಬ್ರಷ್‌ನಲ್ಲಿ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಿ. ಆದರೆ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ಪೂಜೆ ಪಾತ್ರೆಯಂತೆ ತಿಕ್ಕಬೇಡಿ. ಅಕ್ಷರ ಸವೆಯುತ್ತದೆ, ಕಾಲದ ಬಣ್ಣವೂ ಹೋಗುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಳೆಯ ಫ್ರೇಮುಗಳ ಕಪ್ಪು ಸಾಮಾನ್ಯ ಬಣ್ಣವಲ್ಲ. ಎನಾಮಲ್ ಬಳಿದು ಬಿಸಿ ಗೂಡಿನಲ್ಲಿ ಬೇಯಿಸಿದ್ದು. ಅದಕ್ಕೇ 60-70 ವರ್ಷವಾದರೂ ಬಂದಿದೆ. ಧೂಳು ತೆಗೆದು, ಸ್ವಲ್ಪ ಸೋಪು ನೀರಿನ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮೇಣದ ಪಾಲಿಶ್ ಹಾಕಿದರೆ ಹೊಳಪು ಮರಳುತ್ತದೆ. ಚಿನ್ನದ ಗೆರೆ, ಹೆಸರಿನ ಸ್ಟಿಕ್ಕರ್ ಮೇಲೆ ಸೀಮೆಎಣ್ಣೆ, ಥಿನ್ನರ್ ತಾಗಿಸಬೇಡಿ. ಹೊಸದಾಗಿ ಬಣ್ಣ ಮಾಡಿಸಲೇಬೇಕಾದರೆ ಕಪ್ಪು ಎನಾಮಲ್ ಹಾಕಿಸಿ, ಗೆರೆ ಎಳೆಯಲು ಬೋರ್ಡ್ ಬರೆಯುವ ಹಳೆಯ ಪೇಂಟರನ್ನು ಹುಡುಕಿ. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡ ಅವರ ಕೈಯಲ್ಲಿ ಇಂದಿಗೂ ಆ ಹಿಡಿತ ಇದೆ.

ಚರ್ಮದ ಸೀಟಿಗೆ ಕೊಬ್ಬರಿ ಎಣ್ಣೆ ಸುರಿಯುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಅತಿ ಎಣ್ಣೆ ಕುಡಿದ ಚರ್ಮ ಮೆತ್ತಗಾಗಿ ಜೋಲು ಬೀಳುತ್ತದೆ, ಮತ್ತೆ ಬಿಗಿಯುವುದಿಲ್ಲ. ಚರ್ಮಕ್ಕೆಂದೇ ಸಿಗುವ ಮೇಣದ ಕ್ರೀಮನ್ನು ತೆಳುವಾಗಿ ಹಚ್ಚಿ ಒಂದು ದಿನ ಬಿಟ್ಟು ಒರೆಸಿ. ಬಿರುಕು ದೊಡ್ಡದಿದ್ದರೆ ಮೇಲೆ ಕೂರಬೇಡಿ. ಓಡಿಸಲು ಬೇರೆ ಸೀಟು ಹಾಕಿ, ಮೂಲ ಸೀಟನ್ನು ಬಟ್ಟೆಯಲ್ಲಿ ಸುತ್ತಿಡಿ.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಕರಿ ಸೈಕಲ್ ತಯಾರಿಕೆ ನಮ್ಮ ದೇಶದಲ್ಲಿ ಪೂರ್ತಿ ನಿಂತಿಲ್ಲ ಎಂಬುದೇ ದೊಡ್ಡ ಅನುಕೂಲ. 28 ಇಂಚಿನ ಟೈರು, ಟ್ಯೂಬು, ವಾಲ್ ಟ್ಯೂಬು, ಕಾಟರ್ ಪಿನ್, ಗುಂಡು, ಕಡ್ಡಿ, ಚೈನು, ಬ್ರೇಕ್ ರಬ್ಬರು ಇವು ಪಟ್ಟಣದ ಸೈಕಲ್ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತವೆ. ಸಿಗದಿರುವುದು ಕಂಪನಿಯ ಹೆಸರು ಹೊತ್ತ ಭಾಗಗಳು. ಅದಕ್ಕೆ ಮುಚ್ಚಿದ ಬಾಡಿಗೆ ಸೈಕಲ್ ಅಂಗಡಿಗಳ ಹಿಂದಿನ ಕೋಣೆ, ಗುಜರಿ ಅಂಗಡಿಗಳನ್ನು ಹುಡುಕಬೇಕು. ಗುಜರಿಯವರಿಗೆ ಮೊದಲೇ ಹೇಳಿಟ್ಟರೆ ಸೈಕಲ್ ಬಂದಾಗ ಅವರೇ ತಿಳಿಸುತ್ತಾರೆ. ಕಿಲೋ ಲೆಕ್ಕಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಡಿ, ಅವರಿಗೂ ಲಾಭ, ಸೈಕಲ್ಲೂ ಉಳಿಯುತ್ತದೆ.

ಇಂಥ ಸಂಗ್ರಹ ಹೇಗಿರುತ್ತದೆ ಎಂದು ನೋಡಬಯಸುವವರು ಪುಣೆಗೆ ಹೋಗಿಬರಬಹುದು. ಅಲ್ಲಿನ ಕರ್ವೆ ನಗರದಲ್ಲಿ ವಿಕ್ರಮ್ ಪೆಂಡ್ಸೆ ಸೈಕಲ್ಸ್ ಎಂಬ ಖಾಸಗಿ ಸಂಗ್ರಹಾಲಯ 2017ರಲ್ಲಿ ತೆರೆಯಿತು. ನೂರಕ್ಕೂ ಹೆಚ್ಚು ಹಳೆಯ ಸೈಕಲ್ಲುಗಳು, ದೀಪ, ಪಂಪು, ಬಿಲ್ಲೆಗಳು ಅಲ್ಲಿವೆ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಸೈನಿಕರಿಗೆಂದು ಬಿಎಸ್‌ಎ ಮಾಡಿದ ಮಡಚುವ ಸೈಕಲ್ ಕೂಡ ಇದೆ. ಹಿಂದೂಪುರದಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಪುಣೆಯಲ್ಲಿ ಇಳಿಯಬಹುದು. ಹೋಗುವ ಮುನ್ನ ಸಮಯ ವಿಚಾರಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಹಳೆಯ ಸೈಕಲ್ ಪ್ರಿಯರ ಸಂಘವೊಂದು 1955ರಿಂದಲೂ ಕೆಲಸ ಮಾಡುತ್ತಿದೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ನಾಲ್ಕು ಜನ ಸೇರಿದರೂ ಒಂದು ಸಣ್ಣ ಸಂಗ್ರಹಕ್ಕೆ ಸಾಕು. ಶಾಲೆಯ ವಾರ್ಷಿಕೋತ್ಸವದಲ್ಲಿ, ಜಾತ್ರೆಯಲ್ಲಿ ಐದಾರು ಸೈಕಲ್ ನಿಲ್ಲಿಸಿದರೂ ಜನ ಮುತ್ತಿಕೊಳ್ಳುತ್ತಾರೆ.

ಸೈಕಲ್ ಜೊತೆ ಮಾತೂ ಉಳಿಯಲಿ

ಕಬ್ಬಿಣ ನೂರು ವರ್ಷ ಬರುತ್ತದೆ. ಅದರ ಕಥೆ ಹೇಳುವವರು ಅಷ್ಟು ಕಾಲ ಇರುವುದಿಲ್ಲ. ಈ ಸೈಕಲ್ ಯಾವ ವರ್ಷ, ಯಾವ ಊರಿನಲ್ಲಿ, ಎಷ್ಟಕ್ಕೆ ಕೊಂಡದ್ದು, ಕಡಲೆಕಾಯಿ ಮಾರಿದ ದುಡ್ಡೋ, ಮಾವನ ಮನೆಯ ಉಡುಗೊರೆಯೋ, ಊರಿಗೆ ಮೊದಲು ಸೈಕಲ್ ತಂದವರು ಯಾರು, ಒಳಪೆಡಲ್ ಹೊಡೆಯಲು ಯಾವ ಕೆರೆ ಏರಿಯಲ್ಲಿ ಕಲಿತರು ಎಂದು ಮನೆಯ ಹಿರಿಯರನ್ನು ಕೇಳಿ. ಕನ್ನಡವೋ ತೆಲುಗೋ, ಅವರ ಬಾಯಿಗೆ ಬಂದ ಮಾತಿನಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಫ್ರೇಮ್ ನಂಬರ್ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏಳು ದಿನ ಕೆಳಗಿಳಿಯದೆ ಸೈಕಲ್ ತುಳಿಯುತ್ತಿದ್ದ ಸರ್ಕಸ್ಸಿನವರನ್ನು ರಾತ್ರಿಯೆಲ್ಲ ಕೂತು ನೋಡಿದ ನೆನಪು ಬಹಳ ಊರುಗಳಲ್ಲಿದೆ. ಅದೂ ಆ ಪುಸ್ತಕಕ್ಕೆ ಸೇರಲಿ.

ಗಡಿಯಾಚೆಯ ನಮ್ಮ ನೆಂಟರ ಮನೆಗಳಲ್ಲಿ ಇನ್ನೊಂದು ಪೀಳಿಗೆಯ ಸೈಕಲ್ಲುಗಳೂ ಇವೆ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಟ್ಟವು. ಈಗ ಅವೂ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿವೆ. ಮೊದಲ ಬಾರಿಗೆ ಒಬ್ಬಳೇ ಹೈಸ್ಕೂಲಿಗೆ ಹೋದ ಹುಡುಗಿಯ ಸೈಕಲ್ ಇನ್ನು 40 ವರ್ಷಕ್ಕೆ ಯಾವ ರ‍್ಯಾಲಿಗೂ ಕಡಿಮೆಯಾಗದು. ಜಾಗವಿದ್ದರೆ ಒಂದನ್ನಾದರೂ ಇಟ್ಟುಕೊಳ್ಳಿ.

ಮುಂದಿನ ಸಲ ಗುಜರಿ ಗಾಡಿಯ ಮೈಕು ಕೇಳಿದಾಗ ಒಮ್ಮೆ ಕೊಟ್ಟಿಗೆಗೆ ಹೋಗಿ ಬನ್ನಿ. ಚೈನ್ ವೀಲ್ ಮೇಲಿನ ಮಣ್ಣು ಒರೆಸಿ, ಸೀಟಿನ ಕೆಳಗೆ ನಂಬರ್ ಹುಡುಕಿ. ಅದು ಏನೆಂದು ತಿಳಿದ ಮೇಲೆ ಮಾರುವುದೋ, ಇಟ್ಟುಕೊಳ್ಳುವುದೋ ನಿಮಗೆ ಬಿಟ್ಟದ್ದು. ಇಟ್ಟುಕೊಂಡರೆ ಗಾಳಿ ಹೊಡೆಸಿ, ಭಾನುವಾರಕ್ಕೊಮ್ಮೆಯಾದರೂ ಊರಿನ ಸುತ್ತ ಒಂದು ಸುತ್ತು ಹಾಕಿ. ಓಡುವ ಸೈಕಲ್ಲಿಗೆ ತುಕ್ಕು ಹಿಡಿಯುವುದು ಕಡಿಮೆ.